ಹುಣ್ಣಿಮೆ ನೋಡಲು ಹೋಗಿ ಕಚ್ಚಿಸಿಕೊಂಡದ್ದು: ಅಂಡಮಾನಿನಲ್ಲಿ ಏಳು ದಿನ

ಸಾಗರ ಸೀಮೆಯ ನಮ್ಮೂರಿನಲ್ಲಿ ಇಂಬಳಕ್ಕೆ ಯಾರೂ ಹೆದರುವುದಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಕಾಲಿಗೆ ನಾಲ್ಕಾದರೂ ಹತ್ತಿರುತ್ತವೆ. ಸುಣ್ಣ ಮುಟ್ಟಿಸಿ ಉದುರಿಸಿ, ಕಾಲು ತೊಳೆದು, ಕಾಫಿಗೆ ಕೂರುತ್ತೇವೆ. ಹೆದರುವುದು ಉಣುಗಿಗೆ ಮಾತ್ರ. ಅದು ಮಂಗನ ಕಾಯಿಲೆ ತರುತ್ತದೆ. ಹಾಗಾಗಿ ಅಂಡಮಾನಿಗೆ ಹೋಗಿ ಬಂದಿದ್ದ ಗೆಳತಿ ಫೋನಿನಲ್ಲಿ "ಅಲ್ಲಿ ಸ್ಯಾಂಡ್‌ಫ್ಲೈ ಇರ್ತವೆ ಕಣೇ, ಹುಷಾರು" ಎಂದಾಗ ಇವರು ಪಕ್ಕದಲ್ಲೇ ಕೂತು ನಕ್ಕರು. "ಮಲೆನಾಡಿನವರಿಗೆ ನೊಣದ ಭಯ ಹುಟ್ಟಿಸ್ತಾಳೆ!"

ಆ ನಗು ಎಷ್ಟು ದುಬಾರಿಯಾಯಿತು ಎನ್ನುವುದೇ ಈ ಕಥೆ. ಹೊರಟವರು ನಾಲ್ಕು ಜನ: ನಾನು, ಇವರು, ಒಂಬತ್ತು ವರ್ಷದ ಪುಟ್ಟಿ, 68 ದಾಟಿದ ಅತ್ತೆ. ತಿಂಗಳು ಜನವರಿ.

ಮೊದಲ ದಿನ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ವಿಮಾನದಲ್ಲಿ ಎರಡೂವರೆ ಗಂಟೆ. ಊರಿಗೆ ಈಗ ಶ್ರೀ ವಿಜಯ ಪುರಂ ಅಂತ ಹೆಸರು. ನಾವು ಅಲ್ಲಿ ನಿಲ್ಲದೆ ಸೀದಾ ಹಡಗು ಹತ್ತಿ ಹ್ಯಾವ್‌ಲಾಕ್‌ಗೆ ಹೋದೆವು. ಅದಕ್ಕೂ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರು ಬದಲಾಗಿದೆ. ಆದರೆ ಹಡಗಿನಲ್ಲಿ, ಆಟೋದಲ್ಲಿ, ಅಂಗಡಿಯಲ್ಲಿ ನಮ್ಮ ಕಿವಿಗೆ ಬಿದ್ದದ್ದೆಲ್ಲ ಹ್ಯಾವ್‌ಲಾಕ್ ಅಂತಲೇ.

ಉಳಿದದ್ದು ವಿಜಯನಗರದ ಬೀಚಿನ ಹತ್ತಿರ, ಒಂದು ಬಂಗಾಳಿ ಕುಟುಂಬದ ಮನೆಯಲ್ಲಿ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟಿತ್ತು. ಮನೆಯೊಡತಿ ಅವರ ಮಗಳು. ಅಂಗಳದಲ್ಲಿ ಅಡಿಕೆ ಮರ ನೋಡಿ ಅತ್ತೆಗೆ ಮನೆಗೇ ಬಂದಷ್ಟು ಖುಷಿ.

ನಮಗೆ ಮೊದಲ ಆಶ್ಚರ್ಯ ಗಡಿಯಾರದ್ದು. ಈ ದ್ವೀಪಗಳು ನಮಗಿಂತ ತುಂಬಾ ಪೂರ್ವಕ್ಕಿವೆ, ಸಮಯ ಮಾತ್ರ ನಮ್ಮದೇ. ಜನವರಿಯಲ್ಲಿ ಸಂಜೆ 5:15ಕ್ಕೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ನಮ್ಮೂರಿನ ಲೆಕ್ಕದಲ್ಲಿ ಅದಿನ್ನೂ ಕಾಫಿ ಹೊತ್ತು. ಆವತ್ತು ಸಂಜೆ ಬೀಚಿನಲ್ಲಿ ಕೂತೆವು. ಸಮುದ್ರದ ಕಡೆಯಿಂದ ಗಾಳಿ ಹೇಗೆ ಬೀಸುತ್ತಿತ್ತೆಂದರೆ ಪುಟ್ಟಿಯ ಟೋಪಿ ಎರಡು ಸಲ ಹಾರಿತು. ಒಂದು ಹುಳವೂ ಕಚ್ಚಲಿಲ್ಲ.

"ಎಲ್ಲಿ ನಿನ್ನ ಗೆಳತಿಯ ನೊಣ?" ಎಂದರು ಇವರು.

ಎರಡನೇ ದಿನ

ಅವತ್ತು ಬನದ ಹುಣ್ಣಿಮೆ. ಹ್ಯಾವ್‌ಲಾಕ್‌ಗೆ ಹೋದವರು ರಾಧಾನಗರ ಬೀಚು ನೋಡದೆ ಬರುತ್ತಾರಾ? ದ್ವೀಪದ ಪಶ್ಚಿಮ ದಿಕ್ಕಿನಲ್ಲಿದೆ. ಬಿಳಿ ಮರಳು, ಹಿಂದೆ ಎತ್ತರದ ಕಾಡು, ಮುಂದೆ ಗಾಜಿನಂಥ ನೀರು. ನಾನು ನೋಡಿದ ಬೀಚುಗಳಲ್ಲಿ ಇದಕ್ಕೆ ಸಮ ಯಾವುದೂ ಇಲ್ಲ. ಗೋಕರ್ಣದವರು ಕ್ಷಮಿಸಬೇಕು.

ಎರಡು ಗಂಟೆಗೆ ಹೋದೆವು. ಹೊರಡುವಾಗ ಎಲ್ಲರೂ ಸೊಳ್ಳೆ ಕ್ರೀಮ್ ಹಚ್ಚಿಕೊಂಡಿದ್ದೆವು. ಆಮೇಲೆ ಒಂದೂವರೆ ಗಂಟೆ ನೀರಿನಲ್ಲಿ ಆಡಿದೆವು. ಕ್ರೀಮ್ ಎಲ್ಲ ಸಮುದ್ರದ ಪಾಲಾಯಿತು. ಮತ್ತೆ ಹಚ್ಚಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ನಾಲ್ಕರ ಸುಮಾರಿಗೆ ನೀರು ದೂರ ಸರಿದು, ಒದ್ದೆ ಮರಳು ಅಂಗಳದ ಹಾಗೆ ಹರಡಿಕೊಂಡಿತ್ತು. ಗಾಳಿ ನಿಂತೇ ಹೋಗಿತ್ತು. ನೀರಿನ ಮೇಲೆ ಒಂದು ಸುಕ್ಕೂ ಇಲ್ಲ. ಎಷ್ಟು ಚೆಂದ ಎಂದುಕೊಂಡೆವು. ಆ ಚೆಂದವೇ ಅಪಾಯದ ಗುರುತು ಎಂದು ಹೇಳುವವರು ಯಾರೂ ಪಕ್ಕದಲ್ಲಿರಲಿಲ್ಲ.

ಇವರು ಚಡ್ಡಿಯಲ್ಲಿ, ಬರಿ ಮೈಯಲ್ಲಿ, ಮರಳಿನ ಮೇಲೆ ಬೋರಲು ಮಲಗಿದರು. ನಾನು ಮೊಣಕಾಲಿನವರೆಗಿನ ಪ್ಯಾಂಟಿನಲ್ಲಿ ಪಕ್ಕದಲ್ಲಿ ಕೂತೆ. ಪುಟ್ಟಿ ಒದ್ದೆ ಮರಳಲ್ಲಿ ಕೋಟೆ ಕಟ್ಟುತ್ತಿದ್ದಳು. ಅತ್ತೆ ಮಾತ್ರ ಪ್ಲಾಸ್ಟಿಕ್ ಕುರ್ಚಿ ಹಿಡಿದು, ಸೀರೆ ಸೆರಗು ಮೈತುಂಬ ಹೊದ್ದು ಕೂತಿದ್ದರು. ಅವರಿಗೆ ಹಿಮ್ಮಡಿ ಒಡೆಯುವ ತೊಂದರೆ. ದಿನಾ ಮೊಣಕಾಲಿನ ತನಕ ತೆಂಗಿನ ಎಣ್ಣೆ ತಿಕ್ಕಿ ಸಾಕ್ಸ್ ಹಾಕುತ್ತಾರೆ. ಬೀಚಿಗೂ ಸಾಕ್ಸಾ ಅಂತ ನಾವು ತಮಾಷೆ ಮಾಡಿದ್ದೆವು.

ಸೊಳ್ಳೆಯಾದರೆ ಕಿವಿಯ ಹತ್ತಿರ ಸದ್ದು ಮಾಡಿ ಬರುತ್ತದೆ. ಇದಕ್ಕೆ ಆ ಮರ್ಯಾದೆಯೂ ಇಲ್ಲ. ಅಲ್ಲೊಂದು ಇಲ್ಲೊಂದು ಬೆಂಕಿಕಿಡಿ ತಾಗಿದ ಹಾಗೆ ಚುರುಕ್ ಎನ್ನುತ್ತಿತ್ತು. ನೋಡಿದರೆ ಮೆಣಸಿನ ಪುಡಿಯ ಕಣದಷ್ಟು ಒಂದು ಚುಕ್ಕೆ. ಬೆರಳಿಟ್ಟರೆ ಅಳಿಸಿಹೋಗುತ್ತದೆ. ಮರಳಿನ ಕಣ ಇರಬೇಕು ಅಂತ ಕೊಡವಿ ಕೂತೆ. ಸೂರ್ಯ ಮುಳುಗಿದ. ಎದ್ದು ಹೊರಡುವ ಬದಲು, ಕಾಡಿನ ಹಿಂದಿನಿಂದ ಹುಣ್ಣಿಮೆ ಚಂದ್ರ ಬರುವುದನ್ನು ನೋಡಿಯೇ ಹೋಗೋಣ ಎಂದು ಇವರ ಹಟ. ಚಂದ್ರ ಮರಗಳ ಮೇಲೆ ಬರುವ ಮೊದಲೇ ಗಾರ್ಡ್ ಸೀಟಿ ಊದಿ ಎಲ್ಲರನ್ನೂ ಎಬ್ಬಿಸಿದ. ಚಂದ್ರ ಕಂಡದ್ದು ಆಟೋದಲ್ಲಿ ಕೂತ ಮೇಲೆ.

ರಾತ್ರಿ ಊಟಕ್ಕೆ ಕೂತಾಗ ಕಾಲಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ ಇದ್ದವು. ಕೆರೆತ ಅಂಥದ್ದೇನೂ ಇರಲಿಲ್ಲ. "ಇಷ್ಟೇನಾ?" ಎಂದರು ಇವರು.

ಮೂರನೇ ದಿನ

ಇಷ್ಟೇ ಆಗಿರಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದಾಗ ಇವರು ಹಾಸಿಗೆಯ ಅಂಚಿನಲ್ಲಿ ಕೂತು ಹುಚ್ಚು ಹಿಡಿದವರ ಹಾಗೆ ಕೆರೆದುಕೊಳ್ಳುತ್ತಿದ್ದರು. ನನ್ನ ಕಾಲೂ ಉರಿಯತೊಡಗಿತ್ತು. ಬೆಳಕಾದ ಮೇಲೆ ಪುಟ್ಟಿ ಪೆನ್ನು ಹಿಡಿದು ಲೆಕ್ಕ ಹಾಕಿದಳು. ಅಪ್ಪನಿಗೆ 63, ಬೆನ್ನು ಸೇರಿ. ನನಗೆ 31. ಅವಳಿಗೆ 22. ಅಜ್ಜಿಗೆ 2, ಅದೂ ಮಣಿಕಟ್ಟಿನಲ್ಲಿ.

ಮನೆಯೊಡತಿ ಚಹಾ ತಂದವಳು ಇವರ ಬೆನ್ನು ನೋಡಿ ಮೊದಲು ನಕ್ಕಳು, ಆಮೇಲೆ ಪಾಪ ಅನ್ನಿಸಿ ಕೂತು ಹಿಂದಿಯಲ್ಲಿ ಪಾಠ ಮಾಡಿದಳು. ಅವಳು ಹೇಳಿದ್ದನ್ನೂ ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತೇನೆ.

ಬೀಚಿನಲ್ಲಿ ಸ್ಯಾಂಡ್‌ಫ್ಲೈ ಅಂತ ಕರೆಯುವುದು ಹೆಚ್ಚಾಗಿ ನಿಜವಾದ ಮರಳು ನೊಣವನ್ನಲ್ಲ. ಅದು ಕ್ಯುಲಿಕಾಯ್ಡಿಸ್ ಎಂಬ ಜಾತಿಯ ಕಚ್ಚುವ ನೊರಜು. ಉದ್ದ 1ರಿಂದ 3 ಮಿಲಿಮೀಟರ್. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ರಕ್ತ ಬೇಕು ಅದಕ್ಕೆ. ಸೊಳ್ಳೆ ಸೂಜಿಯ ಹಾಗೆ ಚುಚ್ಚಿ ಹೀರುತ್ತದೆ. ಇದು ಹಾಗಲ್ಲ. ಕತ್ತರಿಯಂಥ ಬಾಯಿಯಿಂದ ಚರ್ಮ ಕೊಯ್ದು, ರಕ್ತ ಹೆಪ್ಪುಗಟ್ಟದಂತೆ ಜೊಲ್ಲು ಬಿಟ್ಟು, ಒಸರಿದ್ದನ್ನು ಕುಡಿಯುತ್ತದೆ. ಆ ಜೊಲ್ಲಿಗೆ ನಮ್ಮ ಮೈ ತಿರುಗಿಬೀಳುವುದೇ ಕೆರೆತ. ಮೈಗೆ ಸಿಟ್ಟು ನಿಧಾನಕ್ಕೆ ಬರುತ್ತದೆ. ಹಾಗಾಗಿ ಕಚ್ಚಿದ ದಿನ ಏನೂ ಅನ್ನಿಸದೆ, ಒಂದೆರಡು ದಿನ ಬಿಟ್ಟು ಪ್ರಾಣ ಹಿಂಡುತ್ತದೆ. ಕೆಲವರಿಗೆ ವಾರ ಹತ್ತು ದಿನ ಎಳೆಯುತ್ತದೆ.

ಇಷ್ಟು ಕೆಟ್ಟದ್ದಾದರೂ ಅದಕ್ಕೆ ಹಾರಲು ಶಕ್ತಿ ಸಾಲದು. ಸ್ವಲ್ಪ ಗಾಳಿ ಬೀಸಿದರೂ ಎಲ್ಲೋ ಅಡಗಿ ಕೂರುತ್ತದೆ. ಇಲ್ಲೇ ನಮ್ಮ ಗುಟ್ಟು ಬಯಲಾದದ್ದು. ಜನವರಿಯಲ್ಲಿ ಇಲ್ಲಿ ಗಾಳಿ ಈಶಾನ್ಯದಿಂದ ಬರುತ್ತದೆ. ಪೂರ್ವದ ವಿಜಯನಗರಕ್ಕೆ ನೇರವಾಗಿ ಬಡಿಯುತ್ತದೆ. ಪಶ್ಚಿಮದ ರಾಧಾನಗರಕ್ಕೆ ಕಾಡೇ ಅಡ್ಡ. ಮೊದಲ ಸಂಜೆ ನಮ್ಮನ್ನು ಕಾಪಾಡಿದ್ದು ಅದೃಷ್ಟವಲ್ಲ, ಗಾಳಿ. ಹುಣ್ಣಿಮೆ, ಅಮಾವಾಸ್ಯೆಗೆ ಕಾಟ ಜಾಸ್ತಿ ಅಂತಲೂ ಮನೆಯೊಡತಿ ಹೇಳಿದಳು. ಆಗ ಭರತ ಇಳಿತ ದೊಡ್ಡದು. ಒದ್ದೆ ಮರಳು, ಕೊಳೆಯುವ ಸಮುದ್ರದ ಪಾಚಿ, ಮ್ಯಾಂಗ್ರೋವಿನ ಕೆಸರು ಎಲ್ಲ ತೆರೆದುಕೊಳ್ಳುತ್ತದೆ. ಇವು ಹುಟ್ಟುವುದೇ ಅಂಥ ಕಡೆ. ಹೊತ್ತು ಮೂಡುವಾಗ, ಮುಳುಗುವಾಗ ಹೊರಗೆ ಬರುತ್ತವೆ. ನಾವು ಹುಣ್ಣಿಮೆಯ ದಿನ, ಇಳಿತದಲ್ಲಿ, ಗಾಳಿಯಿಲ್ಲದ ಬೀಚಿನಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ, ಬರಿ ಮೈಯಲ್ಲಿ ಮಲಗಿದ್ದೆವು. ಎಲೆ ಹಾಕಿ ಬಡಿಸಿದ ಹಾಗೆ!

ಅತ್ತೆಯ ಎಣ್ಣೆಯ ವಿಷಯ ಕೇಳಿ ಮನೆಯೊಡತಿ ತಲೆಯಾಡಿಸಿದಳು. ತಾವೂ ಅದನ್ನೇ ಮಾಡುವುದು ಎಂದಳು. ತೆಂಗಿನ ಎಣ್ಣೆಯ ವಾಸನೆಗೆ ಇವು ಓಡಿಹೋಗುವುದಿಲ್ಲ. ದಪ್ಪಗೆ ಹಚ್ಚಿದರೆ ಅದರಲ್ಲೇ ಸಿಕ್ಕಿಬೀಳುತ್ತವೆ, ಚರ್ಮ ಮುಟ್ಟಲು ಆಗುವುದಿಲ್ಲ. ಬೆವರಿಗೆ ಇಳಿದುಹೋಗುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ಅತ್ತೆಯ ಮುಖದಲ್ಲಿ ಆಗ ಬಂದ ಗೆಲುವು ಊರಿಗೆ ಬರುವ ತನಕ ಇಳಿಯಲಿಲ್ಲ.

ಇನ್ನು ಕೆರೆತಕ್ಕೆ ಏನು ಮಾಡುವುದು? ಇವರು ಅಡುಗೆಮನೆಯಿಂದ ನಿಂಬೆಹಣ್ಣು ತಂದು ಕಾಲಿಗೆ ಉಜ್ಜಲು ಹೊರಟರು. ಇಂಬಳಕ್ಕೆ ಆಗುವ ಮದ್ದು ಇದಕ್ಕೂ ಆಗುತ್ತದೆ ಅಂತ ಲೆಕ್ಕ. ಕೈಯಿಂದ ಕಿತ್ತುಕೊಂಡೆ. ನಿಂಬೆರಸ ಮೈಮೇಲಿದ್ದು ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಬಂದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಪಕ್ಕದ ಮನೆ ಹುಡುಗಿಗೆ ಶರಬತ್ತು ಮಾಡಿ ಬಿಸಿಲಿಗೆ ಹೋಗಿ ಹೀಗಾಗಿತ್ತು.

ನಾವು ಮಾಡಿದ್ದು ಇಷ್ಟು. ಸೋಪು ನೀರಲ್ಲಿ ತೊಳೆದೆವು. ಫ್ರಿಜ್ಜಿನ ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟೆವು. ಸತ್ಯ ಹೇಳಬೇಕೆಂದರೆ ಎಲ್ಲಕ್ಕಿಂತ ಬೇಗ ಸುಖ ಕೊಟ್ಟದ್ದು ಇದೇ. ಆಮೇಲೆ ಕ್ಯಾಲಮೈನ್ ಲೋಷನ್. ತುಂಬ ಊದಿದ ಕಡೆ 1% ಹೈಡ್ರೋಕಾರ್ಟಿಸೋನ್ ಕ್ರೀಮ್ ತೆಳ್ಳಗೆ. ರಾತ್ರಿ ದೊಡ್ಡವರಿಗೆ 10 ಮಿಲಿಗ್ರಾಂ ಸೆಟ್ರಿಜಿನ್ ಮಾತ್ರೆ ಒಂದೊಂದು. ನಿದ್ದೆ ಬರಿಸುತ್ತದೆ, ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡವರು ಹಗಲಲ್ಲಿ ನುಂಗಬಾರದು.

ಸೊಳ್ಳೆ ಪರದೆ ಇದೆಯಲ್ಲ ಅಂತ ಧೈರ್ಯವಾಗಿದ್ದೆವು. ರಾತ್ರಿ ಪುಟ್ಟಿ ಟಾರ್ಚ್ ಹಿಡಿದು ತೋರಿಸಿದಳು. ಒಂದು ಚುಕ್ಕೆ ಪರದೆಯ ಕಣ್ಣಿನೊಳಗಿಂದ ಆರಾಮಾಗಿ ತೂರಿ ಬರುತ್ತಿತ್ತು. ಪರದೆ ನೇಯ್ದದ್ದು ಸೊಳ್ಳೆಯ ಅಳತೆಗೆ. ಫ್ಯಾನನ್ನು ಪೂರ್ತಿ ಜೋರಾಗಿಟ್ಟು ಮಲಗಿದೆವು. ಫ್ಯಾನ್ ಗೆದ್ದಿತು.

ನಾಲ್ಕನೇ ದಿನ

ದೋಣಿಯಲ್ಲಿ ಎಲಿಫೆಂಟ್ ಬೀಚಿಗೆ. ಹವಳ ನೋಡಲು ನೀರಿಗೆ ಇಳಿಯುವ ಜಾಗ ಅದು.

ಅವತ್ತು ಸೂಟ್‌ಕೇಸಿನ ತಳದಿಂದ ಅಮೆರಿಕದ ಮೈದುನ ಯಾವಾಗಲೋ ತಂದುಕೊಟ್ಟಿದ್ದ, ಹುಳ ಓಡಿಸುವ ಸ್ಪ್ರೇ ತೆಗೆದೆ. ಅದರಲ್ಲಿದ್ದ ಔಷಧ 25% ಡೀಟ್. ಮೊದಲೇ ತೆಗೆದಿದ್ದರೆ! ಹೊರಗೆ ಕಾಡಲ್ಲಿ, ಬೀಚಲ್ಲಿ ತಿರುಗುವವರಿಗೆ 20ರಿಂದ 30% ಇದ್ದರೆ ಸಾಕು. ಜಾಸ್ತಿ ಇದ್ದರೆ ಕೆಲವು ಗಂಟೆ ಹೆಚ್ಚು ಬರುತ್ತದೆ ಅಷ್ಟೆ, ಹುಳ ಹೆಚ್ಚೇನೂ ಹೆದರುವುದಿಲ್ಲ. ಡೀಟ್ ಬೇಡವೆನ್ನುವವರಿಗೆ 20% ಪಿಕಾರಿಡಿನ್ ಇದೆ. ವಾಸನೆ ಕಡಿಮೆ, ಪ್ಲಾಸ್ಟಿಕ್ ಕರಗಿಸುವುದಿಲ್ಲ. ಡೀಟ್ ಕರಗಿಸುತ್ತದೆ. ಇವರ ಕಪ್ಪು ಕನ್ನಡಕದ ಕಡ್ಡಿ ಅಂಟಂಟಾದದ್ದು ನೋಡಿಯೇ ನನಗೆ ಗೊತ್ತಾದದ್ದು. ಮೊದಲು ಸನ್‌ಸ್ಕ್ರೀನ್, ಅದು ಆರಿದ ಮೇಲೆ ಸ್ಪ್ರೇ. ನೀರಿನಿಂದ ಎದ್ದ ಮೇಲೆ ಎರಡೂ ಮತ್ತೆ. ಪುಟ್ಟಿಗೆ ನನ್ನ ಕೈಗೆ ಹಾಕಿಕೊಂಡು ಹಚ್ಚಿದೆ. ಅವಳ ಅಂಗೈಗೆ, ಕಣ್ಣಿನ ಹತ್ತಿರ, ಕೆರೆದ ಗಾಯದ ಮೇಲೆ ಹಚ್ಚಲಿಲ್ಲ. ಅಂಗೈಗೆ ಹಚ್ಚಿದರೆ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ, ಅಲ್ವಾ?

ಹತ್ತು ಗಂಟೆಯ ಬಿಸಿಲು, ಒಳ್ಳೆ ಗಾಳಿ. ಹೊಸ ಕಡಿತ ಒಂದೂ ಇಲ್ಲ. ಹವಳದ ಬಗ್ಗೆ ಬರೆಯಲು ಹೋದರೆ ಬೇರೆಯದೇ ಲೇಖನವಾಗುತ್ತದೆ, ಬಿಡಿ.

ತೊಂದರೆ ಬಂದದ್ದು ಹಳೆ ಕಡಿತದಿಂದ. ಮಧ್ಯಾಹ್ನ ಪುಟ್ಟಿ ಕುಂಟತೊಡಗಿದಳು. ಕಾಲಿನ ಗಂಟಿನ ಹತ್ತಿರ ಒಂದನ್ನು ಅವಳು ರಾತ್ರಿಯೆಲ್ಲ ಕೆರೆದಿದ್ದಳು. ಅದು ಹಳದಿಯಾಗಿ ಒಸರುತ್ತಿತ್ತು, ಸುತ್ತ ಕೆಂಪಗೆ ಬಿಸಿಯಾಗಿತ್ತು. ಉಪ್ಪು ನೀರು ಗಾಯಕ್ಕೆ ಒಳ್ಳೇದು ಅಂತ ನಾನೇ ಅವಳನ್ನು ಬೆಳಿಗ್ಗೆ ನೀರಿಗೆ ಬಿಟ್ಟಿದ್ದೆ. ಆ ತಪ್ಪು ನನ್ನದು.

ದ್ವೀಪದ ಸರ್ಕಾರಿ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಚಿಕ್ಕ ವಯಸ್ಸಿನವರು. ದಿನಕ್ಕೆ ನಾಲ್ಕೈದು ಇಂಥ ಕಾಲು ನೋಡುತ್ತೇನೆ ಎಂದರು. ಮೊದಲು ಕೇಳಿದ್ದು ಜ್ವರ ಇದೆಯಾ, ಉಸಿರಾಟಕ್ಕೆ ತೊಂದರೆ ಇದೆಯಾ, ತುಟಿ ಕಣ್ಣು ಊದಿದೆಯಾ ಅಂತ. ಇದ್ದರೆ ಒಂದು ಕ್ಷಣವೂ ಕಾಯಬಾರದು. ಅವಳಿಗೆ ಯಾವುದೂ ಇರಲಿಲ್ಲ. ಆಮೇಲೆ ಪೆನ್ನು ತೆಗೆದು ಕೆಂಪು ಎಲ್ಲಿಯವರೆಗೆ ಇದೆಯೋ ಅದರ ಅಂಚಿನ ಮೇಲೆ ಗೆರೆ ಎಳೆದರು. ನಾಳೆ ಬೆಳಿಗ್ಗೆ ಕೆಂಪು ಗೆರೆ ದಾಟಿದ್ದರೆ ಮಾತ್ರೆ ಶುರು ಮಾಡಬೇಕು, ದಾಟದಿದ್ದರೆ ಮುಲಾಮು ಸಾಕು. ಎಷ್ಟು ಸುಲಭದ ಉಪಾಯ! ದಿನಕ್ಕೆರಡು ಸಲ ಸೋಪಲ್ಲಿ ತೊಳೆದು ಆಂಟಿಬಯಾಟಿಕ್ ಮುಲಾಮು ಹಚ್ಚಿ, ಬ್ಯಾಂಡೇಜ್ ಸುತ್ತಿ. ಸಮುದ್ರ ಬೇಡ. ಉಗುರು ಕತ್ತರಿಸಿ.

ಇವರ ಜೇಬಲ್ಲಿ ಔಷಧಿ ಅಂಗಡಿಯಿಂದ ತಂದ ಒಂದು ಟ್ಯೂಬ್ ಇತ್ತು. ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧ ಮೂರೂ ಕಲಸಿದ ಕ್ರೀಮ್. ನಮ್ಮೂರಲ್ಲೂ ಎಲ್ಲ ಕೆರೆತಕ್ಕೂ ಇದನ್ನೇ ಹಚ್ಚುತ್ತಾರೆ. ಡಾಕ್ಟರ್ ಅದನ್ನು ತಿರುಗಿಸಿ ನೋಡಿ ಮೇಜಿನ ಆಚೆ ಬದಿಗೆ ಇಟ್ಟರು. ಕೆರೆತ ನಿಲ್ಲುತ್ತದೆ ನಿಜ, ಆದರೆ ಅದರಲ್ಲಿರುವ ಜೋರಿನ ಸ್ಟೀರಾಯ್ಡಿಗೆ ಚರ್ಮ ತೆಳುವಾಗುತ್ತದೆ, ಸೋಂಕು ಒಳಗೇ ಮುಚ್ಚಿಕೊಳ್ಳುತ್ತದೆ ಎಂದರು. ಇವರು ವಾಪಸ್ ಕೇಳಲಿಲ್ಲ.

ಐದನೇ ದಿನ

ಬೆಳಿಗ್ಗೆ ಎದ್ದ ಕೂಡಲೇ ಎಲ್ಲರೂ ಪುಟ್ಟಿಯ ಕಾಲಿನ ಮೇಲೆ ಬಗ್ಗಿದೆವು. ಕೆಂಪು ಗೆರೆಯ ಒಳಗೇ ಇತ್ತು. ನೀಲ್ ದ್ವೀಪಕ್ಕೆ ಹಡಗು ಹತ್ತಿದೆವು.

ಹಡಗಿನಲ್ಲಿ ಮನೆಯವರ ವಾಟ್ಸಾಪ್ ಗುಂಪು ನೋಡಿದರೆ ಗಾಬರಿಯೋ ಗಾಬರಿ. ಸ್ಯಾಂಡ್‌ಫ್ಲೈ ಕಚ್ಚಿದರೆ ಕಾಲಾ ಅಜಾರ್ ಎಂಬ ಜ್ವರದ ಕಾಯಿಲೆ ಬರುತ್ತದಂತೆ ಅಂತ ಇವರ ಚಿಕ್ಕಪ್ಪ ಬರೆದಿದ್ದರು. ಹೆಸರು ಒಂದೇ ಆಗಿ ಆದ ಗೊಂದಲ ಇದು. ಕಾಲಾ ಅಜಾರ್ ಹರಡುವುದು ಫ್ಲೆಬಟೋಮಸ್ ಎಂಬ ನಿಜವಾದ ಮರಳು ನೊಣ. ಅದಕ್ಕೆ ಬೀಚು ಬೇಕಿಲ್ಲ. ಮಣ್ಣಿನ ಗೋಡೆಯ ಬಿರುಕು, ಕೊಟ್ಟಿಗೆಯ ತೇವ ಬೇಕು. ನಮ್ಮ ದೇಶದಲ್ಲಿ ಆ ಕಾಯಿಲೆ ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶದ ಕಡೆಯದು. ನಮ್ಮನ್ನು ಕಚ್ಚಿದ ನೊರಜು ಬೇರೆಯದೇ ಕುಟುಂಬದ್ದು, ಅದು ಕಾಲಾ ಅಜಾರ್ ತರುವುದಿಲ್ಲ. ಇಷ್ಟನ್ನು ಟೈಪ್ ಮಾಡುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅವರು ಎರಡು ದಿನ ಗಾಬರಿಯಲ್ಲೇ ಇದ್ದರು.

ಸಂಜೆ ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ. ನಮ್ಮ ಮೆರವಣಿಗೆ ನೋಡಬೇಕಿತ್ತು. ನಾಲ್ವರೂ ತಿಳಿ ಬಣ್ಣದ ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ. ಅತ್ತೆ ಮುಂದೆ. ಇವರು ಕರವಸ್ತ್ರ ಎತ್ತಿ ಹಿಡಿದು ಗಾಳಿ ಎಲ್ಲಿದೆ ಅಂತ ಹುಡುಕಿ, ಅಲ್ಲಿ ನಿಲ್ಲಿಸಿದರು. ಮರಳಿನ ಮೇಲೆ ಯಾರೂ ಕೂರಲಿಲ್ಲ. ಸೂರ್ಯ ಮುಳುಗಿದ ಮರುಗಳಿಗೆ ಹೊರಟುಬಿಟ್ಟೆವು. ಪಕ್ಕದಲ್ಲಿ ಒಂದು ಹೊಸ ಜೋಡಿ ಮರಳಲ್ಲಿ ಮಲಗಿ ಫೋಟೋ ತೆಗೆದುಕೊಳ್ಳುತ್ತಿತ್ತು. ಹೇಳೋಣವೆಂದು ಹೋದೆ. ಅವರೂ ನಕ್ಕರು.

ಆರನೇ ದಿನ

ನೀಲ್‌ನ ಕಲ್ಲಿನ ಸೇತುವೆ ನೋಡಬೇಕಾದರೆ ನೀರು ಇಳಿದಿರಬೇಕು. ಅವತ್ತು ಇಳಿತ ಇದ್ದದ್ದು ಬೆಳಗಿನ ಆರೂವರೆಗೆ, ಅಂದರೆ ಹುಳಗಳ ಹೊತ್ತಿಗೇ. ಕೆಲವು ಸಲ ಹೀಗೆ, ತಪ್ಪಿಸಲು ಆಗುವುದೇ ಇಲ್ಲ. ಬಟ್ಟೆ, ಸಾಕ್ಸ್, ಸ್ಪ್ರೇ ಎಲ್ಲ ಸರಿಯಾಗಿ ಆಗಿದೆಯಾ ಅಂತ ಅತ್ತೆ ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡಿದರು. ಹೊಸದಾಗಿ ಕಚ್ಚಿದ್ದು ನನಗೆ ಮೂರು, ಇವರಿಗೆ ಐದು. ಸ್ಪ್ರೇ ಹಚ್ಚಲು ಮರೆತ ಕಿವಿಯ ಹಿಂದೆ.

ಏಳನೇ ದಿನ

ಪೋರ್ಟ್ ಬ್ಲೇರ್. ಸೆಲ್ಯುಲಾರ್ ಜೈಲು, ಏಳು ರೆಕ್ಕೆಗಳಲ್ಲಿ ಉಳಿದದ್ದು ಮೂರು. ಆ ಕೋಣೆಗಳಲ್ಲಿ ನಿಂತಾಗ ಕಾಲಿನ ಕೆರೆತದ ನೆನಪೇ ಬರಲಿಲ್ಲ. ಮಧ್ಯಾಹ್ನದ ವಿಮಾನ.

ಮನೆಗೆ ಬಂದ ಮೇಲೆ

ಪುಟ್ಟಿಯ ಗಾಯ ಐದು ದಿನಕ್ಕೆ ಒಣಗಿತು. ನನ್ನ ಕೆರೆತ ಎಂಟನೇ ದಿನಕ್ಕೆ ನಿಂತಿತು. ಇವರ ಕಾಲಿನಲ್ಲಿ ಮಾತ್ರ ಕಪ್ಪು ಚುಕ್ಕೆಗಳು ಎರಡು ತಿಂಗಳು ಇದ್ದವು. ಕೆರೆದಷ್ಟೂ ಕಲೆ.

ಬಂದ ವಾರವೇ ಆಶಾ ಕಾರ್ಯಕರ್ತೆ ಡೇಪಾ ಎಣ್ಣೆ ಹಿಡಿದು ಮನೆಗೆ ಬಂದರು. ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ, ತೋಟಕ್ಕೆ ಹೋಗುವವರಿಗೆ ಆರೋಗ್ಯ ಇಲಾಖೆ ಇದನ್ನು ಹಂಚುತ್ತದೆ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದವರು ಮಾಡಿದ್ದು, ಡೀಟ್‌ನಂತೆಯೇ ಹುಳ ಓಡಿಸುವ ಔಷಧ. ಹೋದ ವರ್ಷದ ಬಾಟಲಿ ನಮ್ಮ ಮಾಡಿನಲ್ಲಿ ಸೀಲೂ ಒಡೆಯದೆ ಕೂತಿತ್ತು. ಯಾವಾಗಲೂ ಒಂದು ಸಾಕು ಎನ್ನುತ್ತಿದ್ದ ಇವರು ಅವತ್ತು ಎರಡು ಕೇಳಿದರು.

ಆಕೆ ಬಾಟಲಿ ಕೊಡುವಾಗ ಇವರ ಕಾಲು ನೋಡಿ ಹೌಹಾರಿದರು. "ಅಯ್ಯೋ, ಇಷ್ಟೊಂದು ಉಣುಗು ಕಚ್ಚಿದ್ದಾ? ಜ್ವರ ಬಂತಾ?"

"ಉಣುಗಲ್ಲ ಮಾರಾಯ್ತಿ. ಅಂಡಮಾನಿಂದು."

ಒಳಗಿನಿಂದ ಅತ್ತೆಯ ದನಿ ಬಂತು. "ಸಾಕ್ಸ್ ನೋಡಿ ನಗ್ತಿದ್ದ, ಕೇಳು ಅವನ್ನ."